ಮೂರನೇ ಗುರುತು

ಪಗಾರ ಚೀಟಿಯ ಹಿಂದೆ ಪೆನ್ಸಿಲ್ಲಿನಲ್ಲಿ
ಬಸ್ತ್ಯಾಂವ ಮಾಮಾ ಗೀಚಿಕೊಟ್ಟ ನಕ್ಷೆ:
ಮೂರು ಶಿಲುಬೆ, ಒಂದು ಚಹಾದಂಗಡಿ,
'ಇಲ್ಲಿ ನಾಯಿ ಅದಾವ, ಹುಷಾರ್.'

ಕೇಶ್ವಾಪುರದ ಮೊದಲನೆಯದಕ್ಕೆ ಬೀಗ.
ಕೀಲಿಯ ರೆಜಿನಾಬಾಯಿ ಜೋಳ ಬೀಸಲು ಗಿರಣಿಗೆ ಹೋದವಳು
ಬಂದು, ಹಿಟ್ಟಿನ ಕೈಯಲ್ಲೇ ತೆರೆದಳು.
ಕರಿ ಬಾಗಿಲ ಮೇಲೆ ಐದು ಬಿಳಿ ಬೆರಳು.
ಒಳಗೆ ಏನೇನಿತ್ತೋ, ನೆನಪುಳಿದದ್ದು ಅವು.

ಎರಡನೆಯದರಲ್ಲಿ ನಾಳಿನ ಮದುವೆಯ ತಾಲೀಮು.
ಹುಡುಗ ಸುಮ್ಮನೆ ನಗುತ್ತಿದ್ದ,
ಹುಡುಗಿಗೆ ಹೊಸ ಚಪ್ಪಲಿ ಕಚ್ಚುತ್ತಿತ್ತು.
ಹಿಂದಿನ ಬೆಂಚಿನಲ್ಲಿ ನೀರು ಕುಡಿದು ಎದ್ದೆ.

ಗದಗ ರಸ್ತೆ ದಾಟಿ, ಹಳಿಗುಂಟ ನಡೆದು,
ಮೂರನೇ ಶಿಲುಬೆ ಇದ್ದಲ್ಲಿ ಒಂದು ಬೇವಿನಮರ.
ಕೊಂಬೆಗೆ ತೂಗಿದ ಮೊಳದುದ್ದ ಹಳಿಯ ತುಂಡು.
'ಇಗರ್ಜಿ ಯಾವಾಗ ಕೆಡವಿದ್ರಿ?' ಅಂದೆ.
ಇಸ್ತ್ರಿ ಗಾಡಿಯ ಫಕ್ಕೀರವ್ವ ತಲೆ ಎತ್ತಲಿಲ್ಲ:
'ಕಟ್ಟಿದ್ದರ ಯಾವಾಗ್ರಿ?
ವರ್ಕ್‌ಶಾಪಿನ ರಾತ್ರಿ ಪಾಳಿ ಬಿಟ್ಟವರು
ಇದನ್ನ ಬಡದು, ಗಿಡದ ಬುಡಕ ನಿಂತು
ಏನೋ ಹೇಳಿಕೊಂಡು ಮನಿಗೆ ಹೋಗ್ತಿದ್ರು.'

ಕಲ್ಲೊಂದು ಹೆಕ್ಕಿ ಮೆಲ್ಲಗೆ ತಟ್ಟಿದೆ.
ಗುಂಯ್ ಎಂದಿತು.
ಎರಡು ಬೇವಿನಕಾಯಿ ಬಿದ್ದವು.
'ಈಗ ಯಾರೂ ಬರಂಗಿಲ್ರಿ' ಎಂದವಳು
ಇಸ್ತ್ರಿಪೆಟ್ಟಿಗೆ ಬದಿಗಿಟ್ಟು
ಒಂದು ಗಳಿಗೆ ರಸ್ತೆಯ ಕಡೆ ನೋಡಿದಳು.