ನನ್ನ ಹಳೇ ನಂಬರಿನಾಕಿ

ವಾಸ್ಕೋ ಟೇಷನ್ನಿನ ನಳದ ಬಾಜೂಕ ಒಂದು ಬೆಂಚು.
ಅದರ ಎಡಗಡೆ ತುದಿಗೆ ಕುಂತರ ಪುಕ್ಕಟೆ ವೈಫೈ ಬರತೈತಿ,
ಬಲಗಡೆ ಕುಂತರ ಬರಂಗಿಲ್ಲ.
ಯಾಕಂತ ಕೇಳಬ್ಯಾಡ್ರಿ.
ಎಡಗಡೆ ತುದಿಗೆ ಯಾವಾಗ್ಲೂ ಯಾರರೆ ಮಲಗಿರತಾರ.

ಬೈನಾದಾಗ ನನ್ನ ಹೊಲಿಗಿ ಅಂಗಡಿ.
ಹಡಗಿನ ಮಂದಿಯ ಡಾಂಗರಿ, ಹರಿದ ಜೇಬು, ಕೆಟ್ಟ ಚೈನು.
ರೊಕ್ಕ ಈಗ ಕೈಯಾಗ ಯಾರೂ ಕೊಡಂಗಿಲ್ಲ,
ಫೋನಿನಾಗ ಬೀಳತಾವ, ಟಿಣ್ ಅಂತ.
ಬಿದ್ದಾವ. ಎರಡು ಸಾವಿರದ ಮುನ್ನೂರ ನಲವತ್ತು.
ಗಾಜಿನ ಕಪಾಟಿನಾಗಿನ ಉಂಡಿ ಹಾಂಗ ಕಾಣತಾವ,
ಕೀಲಿ ನನ್ನ ಕಡೆ ಇಲ್ಲ.

ಕೀಲಿ ಹಳೇ ನಂಬರಿಗೆ ಹೋಗತೈತಿ.
ಹಳೇ ನಂಬರು ರೀಚಾರ್ಜ್ ಕಾಣದ
ಸತ್ತು ವರ್ಷ ಆತು.

ಕಸ್ಟಮರ್ ಕೇರಿಗೆ ಹಚ್ಚಿದೆ.
ಕನ್ನಡಕ್ಕ ಆರು ಒತ್ತು ಅಂದ್ರು, ಒತ್ತಿದೆ.
"ನಮ್ಮ ಎಲ್ಲ ಪ್ರತಿನಿಧಿಗಳು ಕಾರ್ಯನಿರತರಾಗಿದ್ದಾರೆ."
ಎಂಥಾ ಕನ್ನಡಾ ಅಂತೀರಿ!
ಏಳನೆತ್ತೇಕ ನನ್ನ ಹೊಡದು ಹೊರಗ ಹಾಕಿದ ಮಾಸ್ತರೂ
ಇಷ್ಟು ಚಂದ ಮಾತಾಡಿರಲಿಲ್ಲ.
ನಾಕು ಸಲ ಕೇಳಿದೆ. ಐದನೇ ಸಲಕ್ಕ ಒಬ್ಬ ಹುಡುಗ ಬಂದ.

"ನಂಬರ್ ಬದಲಿಸಲು ಹಳೇ ನಂಬರಿಗೆ ಬಂದ ಓಟಿಪಿ ಹೇಳಿ ಸರ್."
ಅದು ಇಲ್ಲೋ ತಮ್ಮಾ, ಇಲ್ಲಂತನ ಬದಲಸಾಕತ್ತೀನಿ.
"ಅನಾನುಕೂಲಕ್ಕೆ ವಿಷಾದಿಸುತ್ತೇವೆ ಸರ್. ಓಟಿಪಿ?"
ಬಾವಿಗೆ ಬಿದ್ದ ಕೊಡ ತಗಿಯಾಕ
ಮೊದಲು ಅದ ಕೊಡದಾಗ ನೀರು ತಾ ಅಂದಾಂಗ.
ಅಷ್ಟೊತ್ತಿಗೆ ವೈಫೈ ಅಂತು:
ನಿಮ್ಮ ಸಮಯ ಮುಗಿದಿದೆ.
ಡಾಕ್ಟರರೂ ಹಿಂಗ ಮುಖಕ್ಕ ಹೊಡದಾಂಗ ಹೇಳಂಗಿಲ್ಲ.

ಸಿಟ್ಟಿಗೆ, ಹುಚ್ಚಗೆ,
ನನ್ನ ಹಳೇ ನಂಬರಿಗೆ ನಾನ ಫೋನ್ ಹಚ್ಚಿದೆ.
ಸತ್ತದ್ದು ರಿಂಗ್ ಆತು.

"ಹಲೋ, ಕೋಣ್?"
ಏನ ಹೇಳಲಿ?
ಹಿಂದ ಕುಕ್ಕರ್ ಸೀಟಿ, ಒಂದು ನಾಯಿ.
ಅಪೊಲೋನಿಯಾ ಅಂತ ಹೆಸರು, ಊರು ಕುಡ್ಚಡೆ,
ಈ ಸಿಮ್ ತಗೊಂಡು ಎಂಟು ತಿಂಗಳಾತಂತ.

"ಹಾಂ! ಆ ಟೇಲರ್ ನೀನ ಏನು?
ನಿನ್ನ ಮಂದಿ ಬೈಗಳ ಪೂರಾ ನಾನ ತಿಂದೀನಿ.
ಒಬ್ಬಾಂವ ದಿನಾ ಕೇಳತಾನ, ಪ್ಯಾಂಟು ಯಾವಾಗ, ಪ್ಯಾಂಟು ಯಾವಾಗ.
ಸಾಕಾಗಿ, ಸೋಮಾರ ಬಾ ಅಂದು ಕಳಸೀನಿ."

ಬಾಯಿ, ನಾನೂ ಅದನ್ನ ಹೇಳತಿದ್ದೆ.

ಮರುದಿನ ಸಂಜಿ ಆರಕ್ಕ ಎಡಗಡೆ ತುದಿ ಖಾಲಿ ಮಾಡಿಸಿ ಕುಂತೆ.
ಆಕಿ ಚಷ್ಮಾ ಹುಡುಕಿದಳು.
ಮೆಸೇಜು ಬಂತು, ಮ್ಯಾಲಿಂದ ಪೂರ್ತಿ ಓದಿದಳು,
ಯಾರಿಗೂ ಹೇಳಬೇಡಿ ಅನ್ನೂದನ್ನೂ
ಸಾವಕಾಶ, ಪ್ರಾರ್ಥನಿ ಓದಿದಾಂಗ ಓದಿ
ಆಮ್ಯಾಲ ಹೇಳಿದಳು: ಚಾರ್, ಸುನ್ಯ...
ಅವಧಿ ಮೀರಿತು.

ಎರಡನೇ ಸಲ ಸಾತ್ ಅಂದದ್ದು ನನಗ ಆಠ್ ಕೇಳಿಸ್ತು,
ಗೂಡ್ಸ್ ಗಾಡಿ ಹೊಂಟಿತ್ತು.
ಮೂರನೇ ಸಲ ಕಂಪನಿ ಅಂತು, ನಿಮ್ಮ ಸುರಕ್ಷತೆಗಾಗಿ
ಇಪ್ಪತ್ನಾಕು ತಾಸು ನಿಮ್ಮನ್ನ ಬಂದ್ ಮಾಡೀವಿ.
ಯಾರಿಂದ ಸುರಕ್ಷತೆ?
ಆಕಿ ಬೈದಳು. ಕೊಂಕಣಿ ಬೈಗಳ ಬರೇ ಉಪ್ಪು, ಖಾರ.
ನನ್ನ ಜೀವಕ್ಕ ತಂಪಾತು.
"ನಾಳೆ ಚಷ್ಮಾ ಹಾಕ್ಕೊಂಡನ ಕೂಡತೀನಿ" ಅಂದಳು.

ನಾಕನೇ ದಿನ ತಗೀತು.
ಬಳಸದ ಖಾತೆಗೆ ದಂಡ ಅಂತ ನೂರಾ ಹದಿನೆಂಟು ಮುರಕೊಂಡಿದ್ರು.
ಹೋಗಲಿ ಬಿಡ್ರಿ.
"ನಮ್ಮ ಸೇವೆಗೆ ಎಷ್ಟು ನಕ್ಷತ್ರ?" ಅಂತ ಕೇಳಿದ್ರು.
ಐದೂ ಒತ್ತಿದೆ, ಕುಡ್ಚಡೆಯ ಸಲುವಾಗಿ.

ಹಳೇ ನಂಬರನ್ನ ನನ್ನ ಫೋನಿನಾಗ
"ನಾನು" ಅಂತ ಬರದು ಇಟ್ಟಿದ್ದೆ. ಅಳಿಸೂದು ಮರತೆ.
ನಿನ್ನೆ ಮಿಷನ್ನಿನ ಸೂಜಿಗೆ ದಾರ ಪೋಣಸಾಕ ಹತ್ತಿದ್ದೆ,
ಫೋನು ನಡುಗಿತು,
ನಾನು ಕರೀತಾ ಇದ್ದೆ.

"ಹೊಸಾಬ ಯಾರೋ. ಅಂಗಿ ಯಾವಾಗ ಅಂತಾನ.
ಏನ ಹೇಳಲಿ?"

ಸೋಮಾರ ಅನ್ರಿ.