ಎರಡನೇ ಚರಣ

ಎಪ್ಪತ್ತೆಂಟು ಸುತ್ತಿನ ಗಾನತಟ್ಟೆ, ಅಂಚು ಮುಕ್ಕಾದದ್ದು,
ಸತ್ತವರ ಸಾಮಾನಿನ ಹರಾಜಿನಲ್ಲಿ ಒಂದು ಡಾಲರಿಗೆ ಸಿಕ್ಕಿತು,
ಜತೆಗೊಂದು ಇಸ್ತ್ರಿಪೆಟ್ಟಿಗೆ.
ಹಾಡು: ಗಿರಣಿ ಕಟ್ಟೆಯ ಲಾಟೀನು.
ಹಾಡಿದವಳು ರೋಡಾ ಸ್ಪರ್ಲಿನ್.
ಕೆಳಗೆ ಇನ್ನೂ ಮಾಸದ ಚಿನ್ನದ ಬಣ್ಣದಲ್ಲಿ
ಪದ, ರಾಗ: ಹಾಯ್ಟ್ ಬ್ರಮಿಟ್.

ಬ್ಯಾಂಜೋಗೆ ಅವಸರ; ಬ್ಲೂಗ್ರಾಸಿನ ಓಟವೇ ಹಾಗೆ.
ಪಿಟೀಲು ಕೂದಲೆಳೆಯಷ್ಟು ಶ್ರುತಿಗಿಂತ ಕೆಳಗೆ.
ಮೊದಲ ಚರಣ ತಿಳಿನೀರು:
ಲಾಟೀನು ಹಿಡಿದು ಕಟ್ಟೆಗೆ ಹೋದಳು ಎಟ್ಟಾ,
ಬೆಳಗಾದಾಗ ಲಾಟೀನು ಸಿಕ್ಕಿತು.
ಎರಡನೆಯದರಲ್ಲಿ, ಅವಳ ಜತೆ ನಡೆದವನು ಯಾರು ಎನ್ನುವಲ್ಲಿ
ಮುಳ್ಳಿಗೇನೋ ಸಿಕ್ಕಿಕೊಂಡ ಹಾಗೆ
ಒಂದು ಗರಗರ.

ಮೂರು ಚಳಿಗಾಲ ಆ ಗರಗರದ ಬೆನ್ನು ಹತ್ತಿದೆ.
ಉತ್ತರ ಕೆರೊಲಿನಾದ ಈ ಬೆಟ್ಟದ ಸಂದಿಗಳಲ್ಲಿ
ಅಂಚೆ ಹಂಚುವವನು ನಾನು; ನಾಯಿಗಳಿಗೂ ಪರಿಚಿತ.
ಕರೆಂಟಿನ ಬಿಲ್ಲು ಕೊಟ್ಟು ಹಾಡು ಕೇಳಿದೆ.
ಕ್ಷೌರದಂಗಡಿಯ ವರ್ಲಿನ್, "ಚಂದ್ರ. ಜತೆ ನಡೆದವನು ಚಂದ್ರ."
ಪಾದ್ರಿ ಎನಾಕ್ ಕಣ್ಣು ಮುಚ್ಚಿ, "ದೇವದೂತ."
ತಟ್ಟೆ ಕೇಳಿಯೇ ಕಲಿತ ಮ್ಯಾಂಡೊಲಿನ್ ಹುಡುಗರು
ಅಲ್ಲಿ ಅರ್ಧ ತಾಳ ಎಗರಿಸಿ ಓಡುತ್ತಾರೆ,
ಆ ಕುಂಟುವುದೇ ಅದರ ಚೆಂದ ಅನ್ನುತ್ತಾರೆ.
ನಾನೂ ಅನ್ನುತ್ತಿದ್ದೆ.

ಕೊನೆಗೆ ಡೆಲ್ಫಿಯಾ, ರೋಡಾಳ ತಂಗಿ, ತೊಂಬತ್ತೊಂದು,
ಕಾಲುಚೀಲದ ಕಾರ್ಖಾನೆಯಲ್ಲಿ ಎರಡು ಬೆರಳು ಬಿಟ್ಟು ಬಂದವಳು.
ಬೀನ್ಸಿನ ನಾರು ಬಿಡಿಸುತ್ತ ಪೂರ್ತಿ ಕೇಳಿದಳು.
"ಅದು ಮಾತಲ್ಲ ಮಗಾ. ಕೆಮ್ಮು."

ಹತ್ತಿ ಧೂಳಾ?

ನಾರನ್ನು ಉದ್ದಕ್ಕೆ, ತುಂಡಾಗದ ಹಾಗೆ, ಎಳೆದಳು.
"ಆ ದಿನ ಅವಳ ಗಂಟಲಿಗೆ ಏನೂ ಆಗಿರಲಿಲ್ಲ.
ಅಡುಗೆಮನೆಯಲ್ಲಿ ನೂರು ಸಲ ಹಾಡಿದ್ದಾಳೆ, ಒಮ್ಮೆಯೂ ಕೆಮ್ಮದೆ.
ಹಿಟ್ಟಿನ ಚೀಲ ಹರಿದು ಪೆನ್ಸಿಲ್ಲಿನಲ್ಲಿ ಬರೆದವಳೇ ಅವಳು.
ಯಂತ್ರ ಅವನದು. ಕೋಣೆ ಅವನದು.
ಗಾಜಿನಾಚೆ ಕಿವಿಗೆ ಹೆಡ್‌ಫೋನ್ ಹಾಕಿ ಕೂತಿದ್ದ."

ಯಾರು ಅನ್ನಲು ಬಾಯಿ ತೆರೆದೆ.
"ಕನ್ನಡಕ ತಂದಿದ್ದೀಯಲ್ಲ," ಅಂದಳು,
"ತಟ್ಟೆಯ ನಡುವೆ ಓದು."

ಮರುದಿನ ಬ್ರಮಿಟರ ಮನೆಗೂ ಅಂಚೆ ಇತ್ತು,
ಬೀಜದ ಅಂಗಡಿಯ ಕ್ಯಾಟಲಾಗು.
ಮೊಮ್ಮಗ ಗೇಟಿನ ತನಕ ನಡೆದು ಬಂದ, ಒಳ್ಳೆಯ ಹುಡುಗ,
"ನಮ್ಮಜ್ಜನ ಹಾಡಿನ ಆ ಪದ ಸಿಕ್ಕಿತಾ?"

ಉತ್ತರ ಹೇಳಲು ಹೊರಟವನಿಗೆ
ಕೆಮ್ಮು ಬಂತು.