ಉಪ್ಪು ನೋಡುವುದು

ಬೆಳಗಿನ ಜಾವ ನಾಲ್ಕಕ್ಕೆ ಕಾಟನ್‌ಪೇಟೆಯ ಷಟರು ಎತ್ತುವಾಗ
ಎಡತೋಳಿನಿಂದ ಬೆನ್ನಿಗೆ ಒಂದು ನೋವು ಹರಿಯಿತು,
ಇರುವೆ ಸಾಲಿನ ಹಾಗೆ, ಅವಸರವಿಲ್ಲದೆ.

ಚಾಮರಾಜಪೇಟೆಯ ಡಾಕ್ಟರಮ್ಮ ರಿಪೋರ್ಟು ತಿರುಗಿಸಿ ತೋರಿಸಿದರು,
ಅಂಕಿಗಳ ಕೆಳಗೆ ಕೆಂಪು ಗೀಟು.
"ಏನು ಕೆಲಸ, ಹೊಂಬಾಳಮ್ಮ?"
"ಮಿಲಿಟರಿ ಹೋಟ್ಲು."
ಅವರು ನಕ್ಕರು, ನಾನೂ ನಕ್ಕೆ. ಅಂಕಿ ನಗಲಿಲ್ಲ.

"ಆರು ತಿಂಗಳು ಬರೀ ಸೊಪ್ಪು, ತರಕಾರಿ, ಕಾಳು. ತಿಂದು ನೋಡಿ."
ಎದೆಗಿಂತ ಮೊದಲು ಉರಿದದ್ದು ನೆನಪು.

ತೊಂಬತ್ತೆಂಟರಲ್ಲಿ, ಮಗಳು ಹೊಟ್ಟೆಯಲ್ಲಿ,
ಹನುಮಂತನಗರದ ಗೇಟಿಗೆ ತೂಗುಬಿಟ್ಟ ರಟ್ಟು: ಮನೆ ಬಾಡಿಗೆಗಿದೆ.
ಮನೆಯಾಕೆ ಕಾಫಿ ಕೊಟ್ಟರು, ನಲ್ಲಿ ತಿರುಗಿಸಿ ಕಾವೇರಿ ನೀರು ತೋರಿಸಿದರು,
ಆಮೇಲೆ ದನಿ ತಗ್ಗಿಸಿ,
"ನೀವು ಅದೆಲ್ಲ ತಿನ್ನೋದಿಲ್ಲ ತಾನೆ?"
ಅದೆಲ್ಲ ಅಂದರೆ
ನನ್ನವ್ವ ಮಸಾಲೆ ರುಬ್ಬಿದ ಒರಳು, ಬಾಣಂತಿಗೆ ಕೊಟ್ಟ ಕಾಲುಸೂಪು,
ಮಾರ್ನೋಮಿಗೆ ಸತ್ತವರ ಮುಂದೆ ಇಟ್ಟ ಎಡೆ.
"ತಿಂತೀವಿ" ಅಂದೆ. ಅರ್ಧ ಕಾಫಿ ಅಲ್ಲೇ ಬಿಟ್ಟು ಬಂದೆ.
ಅವತ್ತು ರಾತ್ರಿ ಬೇಕೆಂದೇ ಎರಡು ಮುದ್ದೆ, ಮೂರು ಸಲ ಸಾರು.

ಈಗ ಬಿಟ್ಟರೆ ಆಕೆ ಗೆದ್ದಂತಲ್ಲವೆ?
ಅವತ್ತಿನಿಂದ ಆಕೆ ನನ್ನ ತಟ್ಟೆಗೆ ಎದುರಾಗಿ ಕೂತೇ ಇದ್ದಾರೆ.
ಹಸಿವಿಗೂ ಹಟಕ್ಕೂ ಒಂದೇ ತುತ್ತು ಕೊಟ್ಟು ಸಾಕಿದ್ದೇನೆ.

ಆದರೂ ಮಾಗಿ ಬಂತು. ಕಲಾಸಿಪಾಳ್ಯದ ಬೀದಿಗೆ ಮಾಗಡಿಯ ಅವರೆ ಬಂತು,
ಬೆರಳಿಗೆ ಎಣ್ಣೆಯಂತೆ ಅಂಟುವ ಸೊಗಡು.
ಎರಡು ಕೇಜಿ ಬಿಡಿಸಿ, ನೆನೆಹಾಕಿ, ಒಬ್ಬಳೇ ಕೂತು ಹಿಸುಕಿದೆ.
ಪಿಚಕ್ಕನೆ ಹಾರಿದ ಒಂದು ಬೇಳೆ ಗಂಡನ ಫೋಟೋಕ್ಕೆ ಬಡಿಯಿತು.
ಹಾರದೊಳಗಿಂದ ಆತ ಬೈಯಲಿಲ್ಲ.
ಚಕ್ಕೆ, ಲವಂಗ, ಗಸಗಸೆ, ಕಪ್ಪಗೆ ಸುಟ್ಟ ಈರುಳ್ಳಿ.
ಬಂದದ್ದು ಮೂಳೆಯೋ ಬೇಳೆಯೋ, ಮಸಾಲೆ ವಿಚಾರಿಸಲಿಲ್ಲ.

ಹೋಟ್ಲಿನ ಹಂಡೆಯದೇ ಕಷ್ಟ.
ದಿನಾ ಐದೂವರೆಗೆ ಅಂಗೈಗೆ ಸುರಿದುಕೊಂಡು
ನಾನು ಉಪ್ಪು ನೋಡದ ಸಾರನ್ನು ಇಲ್ಲಿ ಯಾರಿಗೂ ಬಡಿಸಿಲ್ಲ.
"ನೀನು ನೋಡೋ" ಅಂದೆ ತಿಮ್ಮೇಶನಿಗೆ.
ಅವನು ಸಾರು ನೆಕ್ಕಿ, ನನ್ನ ಮುಖ ನೋಡಿ, "ಸರಿಯಾಗಿದೆ ಅಮ್ಮ" ಅಂದ.
ಸರಿಯಿರಲಿಲ್ಲ. ಹಮಾಲಿ ಲಕ್ಕಣ್ಣ ತಟ್ಟೆ ಸರಿಸಿ ಕೇಳಿದ:
"ಹೊಂಬಾಳಕ್ಕ ಊರಲ್ಲಿಲ್ವಾ?"

ಮಾಂಸ ಇಳಿಸಲು ಬಂದ ಖಲಂದರ್ ಸಾಬರು
ಸುದ್ದಿ ಕೇಳಿ ಬಹಳ ಹೊತ್ತು ತಕ್ಕಡಿ ಒರೆಸಿದರು.
"ಬಕ್ರೀದಿಗೆ ಒಂದು ತುಂಡು. ಮಿಕ್ಕ ದಿನ ನಂದೂ ಬೇಳೇನೇ, ಆರು ವರ್ಷ ಆಯ್ತು."
"ಯಾಕೆ?"
"ನಿದ್ದೆ ಬರುತ್ತೆ" ಅಂದರು. "ಅಂಗಡೀಲಿ ಹೇಳ್ಬೇಡ."

ಈಗ ನಾಲಗೆ ಬಿಟ್ಟು ಮೂಗಿನಿಂದ ಉಪ್ಪು ನೋಡುತ್ತೇನೆ,
ಹಂಡೆಯ ಮೇಲೆ ಬಗ್ಗಿ, ಕಣ್ಣು ಮುಚ್ಚಿ, ಕುದಿಗೆ ಕಿವಿಗೊಟ್ಟು.
ಕೆಲವು ದಿನ ಸರಿಹೋಗುತ್ತದೆ.
ಕೆಲವು ದಿನ ಲಕ್ಕಣ್ಣ ತಟ್ಟೆ ಸರಿಸುತ್ತಾನೆ.

ಅಂಕಿ ಕೊಂಚ ಇಳಿದಿದೆಯಂತೆ.
ಮಹಡಿ ಮೆಟ್ಟಿಲು ಹನ್ನೆರಡನೆಯದಕ್ಕೆ ನಿಲ್ಲಿಸುತ್ತಿತ್ತು, ಈಗ ಬಿಡುತ್ತದೆ.
ಮಾರ್ನೋಮಿಗೆ ಗಂಡನ ಎಡೆಗೆ ಬಾಡು ಇಟ್ಟೇ ಇಡುತ್ತೇನೆ,
ಎಡೆ ತೆಗೆದ ಮೇಲೆ ತಿನ್ನುವೆನೋ ಇಲ್ಲವೋ
ಅವತ್ತಿನ ಕೈಗೆ ಬಿಟ್ಟದ್ದು.

ಮೊನ್ನೆ ರಾತ್ರಿ, ಷಟರು ಇಳಿಸಿ,
ಮುದ್ದೆ, ಬಸ್ಸಾರು, ಒಂದು ಹಸಿ ಈರುಳ್ಳಿ ಇಟ್ಟುಕೊಂಡು ಕೂತೆ.
ಅರ್ಧ ಉಂಡ ಮೇಲೆ ಗಮನಕ್ಕೆ ಬಂತು:
ತಟ್ಟೆಯ ಎದುರು ಯಾರೂ ಇರಲಿಲ್ಲ.
ಆಕೆ ಯಾವಾಗ ಎದ್ದು ಹೋದರೋ,
ಹೇಳದೆ.